ಹಳೇ ಟ್ರ್ಯಾಕ್ಟರಿನ ಬ್ರೇಕ್ ಬಿಚ್ಚಿದಾಗ

ಹಳೇ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಪೆಡಲೂ ಎರಡು. ಒಂದು ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ. ಸಾಲು ಮುಗಿದು ಬದುವಿನ ಹತ್ತಿರ ತಿರುಗಿಸುವಾಗ ಚಾಲಕ ಒಂದೇ ಪೆಡಲ್ ತುಳಿಯುತ್ತಾನೆ. ಆ ಬದಿಯ ಚಕ್ರ ನಿಲ್ಲುತ್ತದೆ. ಅದರ ಪಾಲಿನ ಸುತ್ತನ್ನೂ ಡಿಫರೆನ್ಷಿಯಲ್ ಎದುರಿನ ಚಕ್ರಕ್ಕೇ ಕೊಡುವುದರಿಂದ ಅದು ಇಮ್ಮಡಿ ವೇಗದಲ್ಲಿ ಸುತ್ತುತ್ತದೆ, ಟ್ರ್ಯಾಕ್ಟರ್ ಇದ್ದಲ್ಲೇ ಹೊರಳುತ್ತದೆ. ರಸ್ತೆಗೆ ಇಳಿದಾಗ ಮಾತ್ರ ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಒಂದು ಮಾಡಬೇಕು. ಕೊಂಡಿ ಹಾಕಿದ್ದಕ್ಕೇ ಎರಡೂ ಕಡೆ ಸಮನಾಗಿ ಹಿಡಿಯುತ್ತದೆ ಎಂದೇನೂ ಇಲ್ಲ. ಬ್ರೇಕ್ ರಿಪೇರಿಯಲ್ಲಿ ನಿಜವಾದ ಕೆಲಸ ಇರುವುದು ಈ ಸಮತೋಲದಲ್ಲಿ.

ಬಿ-275 ಟ್ರ್ಯಾಕ್ಟರನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ತಯಾರಿಸುತ್ತಿದ್ದ ಯಂತ್ರ ಇದು. 1963ರಲ್ಲಿ ಮಹೀಂದ್ರ ಆ ಕಂಪನಿಯ ಜೊತೆ ಸೇರಿದ ಮೇಲೆ ನಮ್ಮ ದೇಶದಲ್ಲೇ ತಯಾರಾಗತೊಡಗಿತು. ಇದರ ಬ್ರೇಕಿನಲ್ಲಿ ಡ್ರಮ್ಮೂ ಇಲ್ಲ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯೂ ಇಲ್ಲ. ಪೆಡಲ್ಲಿನಿಂದ ಒಂದು ಸರಳು ಹೋಗಿ ಬ್ರೇಕ್ ಹೌಸಿಂಗ್‌ನ ಒಳಗಿನ ಬಿಲ್ಲೆಗಳನ್ನು ಎಳೆಯುತ್ತದೆ, ಅಷ್ಟೇ.

ಆದರೆ ಒಳಗಿನ ಉಪಾಯ ಬಹಳ ಚೆಂದದ್ದು. ನಡುವೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಎರಕದ ಬಿಲ್ಲೆಗಳು. ಅವುಗಳ ಒಳಮೈಯಲ್ಲಿ ಇಳಿಜಾರಾದ ಗುಳಿಗಳು, ಪ್ರತಿ ಜೋಡಿ ಗುಳಿಯ ನಡುವೆ ಒಂದು ಉಕ್ಕಿನ ಗುಂಡು. ಬಿಲ್ಲೆಗಳನ್ನು ಸ್ಪ್ರಿಂಗ್‌ಗಳು ಒಂದಕ್ಕೊಂದು ಹಿಡಿದಿಟ್ಟಿರುತ್ತವೆ. ಅವುಗಳ ಎರಡೂ ಪಕ್ಕದಲ್ಲಿ ಶಾಫ್ಟಿನ ಜೊತೆ ತಿರುಗುವ ಲೈನರ್ ಡಿಸ್ಕ್‌ಗಳಿವೆ. ಪೆಡಲ್ ತುಳಿದಾಗ ಬಿಲ್ಲೆಗಳು ಎದುರು ದಿಕ್ಕಿಗೆ ಚೂರು ತಿರುಗುತ್ತವೆ. ಗುಂಡುಗಳು ಗುಳಿಯ ಇಳಿಜಾರು ಹತ್ತಿ ಬಿಲ್ಲೆಗಳನ್ನು ದೂರ ತಳ್ಳುತ್ತವೆ, ಡಿಸ್ಕ್‌ಗಳು ಹೌಸಿಂಗ್‌ನ ಗೋಡೆಗೆ ಒತ್ತಿಕೊಳ್ಳುತ್ತವೆ. ಮುಂದಿನದು ಇನ್ನೂ ಸ್ವಾರಸ್ಯ. ತಿರುಗುವ ಡಿಸ್ಕ್ ಬಿಲ್ಲೆಗಳನ್ನೂ ತನ್ನ ಜೊತೆ ಎಳೆಯುತ್ತದೆ. ಒಂದು ಬಿಲ್ಲೆ ತಡೆಗೆ ಬಡಿದು ನಿಲ್ಲುತ್ತದೆ, ಇನ್ನೊಂದು ಇನ್ನಷ್ಟು ಸರಿಯುತ್ತದೆ, ಗುಂಡು ಇನ್ನಷ್ಟು ಮೇಲೇರುತ್ತದೆ. ಚಕ್ರದ ಓಟವೇ ಚಕ್ರವನ್ನು ನಿಲ್ಲಿಸಲು ಬಲ ಕೊಡುತ್ತದೆ. ಜೊತೆಗೆ ಬ್ರೇಕ್ ಕೂತಿರುವುದು ಚಕ್ರದ ಮೇಲಲ್ಲ, ಕೊನೆಯ ದೊಡ್ಡ ಗೇರಿಗೆ ಮೊದಲಿನ ಶಾಫ್ಟ್ ಮೇಲೆ. ಆ ಗೇರು ಅಲ್ಲಿನ ಹಿಡಿತವನ್ನು ಹಲವು ಪಟ್ಟು ಹೆಚ್ಚಿಸಿ ಚಕ್ರಕ್ಕೆ ತಲುಪಿಸುತ್ತದೆ. ಅಷ್ಟು ದೊಡ್ಡ ಟೈರನ್ನು ಅಷ್ಟು ಚಿಕ್ಕ ಡಿಸ್ಕ್‌ಗಳು ನಿಲ್ಲಿಸುವುದು ಹೀಗೆ.

ಈ ಲೆಕ್ಕವೆಲ್ಲ ಹೊಲದ ನಿಧಾನ ನಡಿಗೆಗೆ ಸರಿ. ಈಗ ಅದೇ ಟ್ರ್ಯಾಕ್ಟರಿಗೆ ಬ್ರೇಕಿಲ್ಲದ ಟ್ರೇಲರ್ ಕಟ್ಟಿ ಕಬ್ಬು ಹೇರಿ ಕಾರ್ಖಾನೆಗೆ ಹೊರಡುತ್ತಾರೆ. ಎಲ್ಲ ಸೇರಿ 10 ಟನ್ ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 350 ಕಿಲೋಜೂಲ್. ಒಂದು ಲೀಟರ್ ತಣ್ಣೀರು ಕುದಿಯಲು ಬೇಕಾಗುವಷ್ಟು ಶಾಖ ಅದು. ಒಮ್ಮೆ ನಿಲ್ಲಿಸಿದರೆ ಅದಷ್ಟೂ ಆ ಡಿಸ್ಕ್‌ಗಳಲ್ಲೇ ಬಿಸಿಯಾಗಬೇಕು. ಇಳಿಜಾರಿನಲ್ಲಿ 35 ಮೀಟರ್ ಕೆಳಗಿಳಿದರೆ ಅದರ ಹತ್ತು ಪಟ್ಟು. ಅದಕ್ಕೇ ಇಳಿಜಾರಿಗೆ ಮೊದಲೇ ಸಣ್ಣ ಗೇರಿಗೆ ಹಾಕಿ ಎಂಜಿನ್ನೇ ತಡೆದು ಹಿಡಿಯುವಂತೆ ಮಾಡಬೇಕು. ಬ್ರೇಕ್ ಒಂದನ್ನೇ ನಂಬಿ ಇಳಿದರೆ ಕಾದ ಲೈನರ್ ಹಿಡಿತ ಬಿಡುತ್ತದೆ. ಹಿಂದಿನಿಂದ ಟ್ರೇಲರ್ ನೂಕುತ್ತಿರುವಾಗ ಒಂದು ಕಡೆ ಮಾತ್ರ ಬ್ರೇಕ್ ಹಿಡಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಪ್ರಾಣ ಹೋಗುವುದು ಇಂಥ ಗಳಿಗೆಯಲ್ಲಿ.

'ಬ್ರೇಕ್ ಹಿಡೀತಿಲ್ಲ' ಎಂದು ಹೋದರೆ ಎಷ್ಟೋ ಕಡೆ ಮೊದಲು ಮಾಡುವುದು ಸರಳಿನ ನಟ್ ಟೈಟ್ ಮಾಡುವುದು. ಲೈನರ್ ಸವೆದಿದ್ದರೆ ಅದು ಸರಿಯೇ. ಆದರೆ ಹಳೇ ಗಾಡಿಯಲ್ಲಿ ಕಾರಣ ಸಾಮಾನ್ಯವಾಗಿ ಬೇರೆ. ಶಾಫ್ಟಿನ ಆಯಿಲ್ ಸೀಲ್ ಹೋಗಿ ಗೇರ್ ಆಯಿಲ್ ಒಳಗೆ ಬಂದಿರುತ್ತದೆ. ಎಣ್ಣೆ ಕುಡಿದ ಲೈನರನ್ನು ಬೆಂಕಿಗೆ ಹಿಡಿದು ಸುಟ್ಟು ಮತ್ತೆ ಹಾಕುವವರಿದ್ದಾರೆ. ಮೇಲಿನ ಎಣ್ಣೆ ಹೋಗುತ್ತದೆ, ಒಳಗಿಳಿದದ್ದು ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಹೊಸ ಲೈನರ್ ಹಾಕಿ ಸೀಲ್ ಹಾಗೇ ಬಿಟ್ಟರೆ ದುಡ್ಡು ನೀರಿಗೆ ಹಾಕಿದಂತೆ. ಹೊಸ ಸೀಲ್ ಹಾಕುವ ಮುಂಚೆ ಅದರ ತುಟಿ ಕೂರುವ ಜಾಗವನ್ನು ಬೆರಳಿನಿಂದ ಸವರಿ ನೋಡಬೇಕು. ಶಾಫ್ಟ್ ಅಲ್ಲಿ ಗೀರು ಬಿದ್ದು ಸವೆದಿದ್ದರೆ, ಬೇರಿಂಗ್ ಅಲ್ಲಾಡುತ್ತಿದ್ದರೆ ಹೊಸ ಸೀಲೂ ನಿಲ್ಲದು. ಗೇರ್‌ಬಾಕ್ಸಿನ ಗಾಳಿಕಿಂಡಿ ಮಣ್ಣು ಕಟ್ಟಿಕೊಂಡಿದ್ದರೂ ಒಳಗಿನ ಒತ್ತಡ ಎಣ್ಣೆಯನ್ನು ಸೀಲ್ ದಾಟಿಸುತ್ತದೆ. ಆ ಕಿಂಡಿಯನ್ನು ನೋಡುವವರು ಕಡಿಮೆ.

ಇನ್ನೊಂದು ಶತ್ರು ತುಕ್ಕು. ಭತ್ತದ ಗದ್ದೆಯಲ್ಲಿ ಕೆಸರು ಉಳುವ ಟ್ರ್ಯಾಕ್ಟರಿಗೆ ನೀರು ಹೌಸಿಂಗ್ ಒಳಗೂ ಇಳಿಯುತ್ತದೆ. ಗುಳಿ ತುಕ್ಕು ಹಿಡಿದರೆ ಗುಂಡು ಹತ್ತಿದ್ದು ಇಳಿಯದು. ಪೆಡಲ್ ಬಿಟ್ಟರೂ ಬ್ರೇಕ್ ಕಚ್ಚಿಕೊಂಡೇ ಇರುತ್ತದೆ. ಬಿಲ್ಲೆಗಳನ್ನು ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಗುಳಿಗಳನ್ನು ಎಮರಿ ಕಾಗದದಿಂದ ನುಣುಪು ಮಾಡಿ, ಕೊನೆಗೆ ಸೋಪಿನ ನೀರಿನಲ್ಲಿ ಜಿಡ್ಡು ತೆಗೆದು ಒಣಗಿಸಬೇಕು. ಗುಳಿಯಲ್ಲಿ ಗುಂಡಿನ ತಗ್ಗು ಬಿದ್ದಿದ್ದರೆ ಬಿಲ್ಲೆಯನ್ನೇ ಬದಲಿಸಬೇಕು. ಜೋತುಬಿದ್ದ ಸ್ಪ್ರಿಂಗನ್ನು ಮತ್ತೆ ಹಾಕಬಾರದು. ಗ್ರೀಸ್ ಮೆತ್ತುವುದೂ ಬೇಡ, ಅದು ಕರಗಿ ಲೈನರಿಗೇ ಹರಿಯುತ್ತದೆ. ಒಳಗಿನ ಕಪ್ಪು ಪುಡಿಯನ್ನು ಬಾಯಿಂದಾಗಲಿ ಕಂಪ್ರೆಸರ್‌ನಿಂದಾಗಲಿ ಊದಲೇಬಾರದು. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಒಂದು ಕಡೆಯ ಲೈನರ್ ಮಾತ್ರ ಕೆಟ್ಟಿದ್ದರೂ ಎರಡೂ ಕಡೆ ಬದಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸದು ಹಳೆಯದು ಜೊತೆಯಾದರೆ ಹಿಡಿತ ಎಂದೂ ಸಮ ಬರದು. ಜೋಡಿಸಿದ ಮೇಲೆ ಟ್ರೇಲರ್ ಬಿಚ್ಚಿ, ಜನರಿಲ್ಲದ ಸಮತಟ್ಟು ಮಣ್ಣಿನ ಜಾಗದಲ್ಲಿ ಪೆಡಲ್‌ಗಳಿಗೆ ಕೊಂಡಿ ಹಾಕಿ, ನಿಧಾನ ವೇಗದಲ್ಲಿ ನೇರ ಓಡಿಸಿ ಗಟ್ಟಿಯಾಗಿ ತುಳಿಯಿರಿ. ಇಳಿದು ಬಂದು ಟೈರು ಎಳೆದ ಗುರುತು ನೋಡಿ. ಎರಡೂ ಒಂದೇ ಉದ್ದ ಇರಬೇಕು. ಒಂದು ಉದ್ದವಾಗಿದ್ದರೆ ಆ ಕಡೆಯ ನಟ್ಟನ್ನು ಸ್ವಲ್ಪ ಸಡಿಲಿಸಿ ಮತ್ತೆ ಓಡಿಸಿ. ಹೊಸ ಲೈನರ್ ಗೋಡೆಗೆ ಪೂರ್ತಿ ಕೂರಲು ಕೆಲವು ದಿನ ಬೇಕು. ಆ ಕೆಲವು ದಿನ ಕಳೆದ ಮೇಲೆ ಇದೇ ಪರೀಕ್ಷೆ ಇನ್ನೊಮ್ಮೆ ಮಾಡಿ, ಪೆಡಲ್ಲಿನ ಸಡಿಲವನ್ನು ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ತಂದು, ಆಮೇಲೆ ಟ್ರೇಲರ್ ಕಟ್ಟಿ.