ಮರಮುಟ್ಟುಗಳಿಗೆ ಎಣ್ಣೆ, ವಾರ್ನಿಷ್ ಬಳಿಯಲು ತಕ್ಕ ಹವೆ

ಗಾಡಿ, ಬಾಗಿಲು, ರೇಷ್ಮೆ ಹುಳು ಸಾಕುವ ಮರದ ಸ್ಟ್ಯಾಂಡುಗಳಿಗೆ ಬಳಿದ ವಾರ್ನಿಷ್ ಒಂದೇ ಮಳೆಗಾಲಕ್ಕೆ ಸಿಪ್ಪೆಯಂತೆ ಎದ್ದುಬರುವುದುಂಟು. ಆಗ ನಾವು ಸರಕನ್ನು ದೂರುತ್ತೇವೆ. ಆದರೆ ಅನೇಕ ವೇಳೆ ಇದಕ್ಕೆ ಬಳಿದ ದಿನದ ಹವೆಯೇ ಕಾರಣ.

ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಎಣ್ಣೆ ಬೆರೆತ ವಾರ್ನಿಷ್ ಕೂಡ ಹೀಗೆಯೇ. ಚಳಿಯಲ್ಲಿ ಈ ಕ್ರಿಯೆ ನಿಧಾನ. ಉರಿಬಿಸಿಲಿನಲ್ಲಿ ಮೇಲ್ಪದರ ಬೇಗ ಕೆನೆಗಟ್ಟಿ, ಒಳಗೆ ಹಸಿ ಉಳಿದು, ಗುಳ್ಳೆ ಮತ್ತು ಸುಕ್ಕು ಏಳುತ್ತವೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್‌ಗೆ ತೇವವೇ ಶತ್ರು. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಪಾಲಿಶ್ ಬಿಳಿಚಿಕೊಳ್ಳುತ್ತದೆ.

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ಡಿಸೆಂಬರ್, ಜನವರಿಯಲ್ಲಿ ಮುಂಜಾನೆ ಇಬ್ಬನಿ ಬೀಳುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ಮರ ಕಾಯುತ್ತದೆ. ಆದ್ದರಿಂದ ಮಾವಿನ ಕೊಯ್ಲಿನ ಕೆಲಸ ಬರುವ ಮುನ್ನ, ಫೆಬ್ರವರಿಯಿಂದ ಮಾರ್ಚ್ ಮಧ್ಯದವರೆಗೆ ಈ ಕೆಲಸ ಮುಗಿಸುವುದು ಉತ್ತಮ.

ಅನುಸರಿಸಬೇಕಾದ ಕ್ರಮಗಳು:

1. ಉಷ್ಣಾಂಶ 15ರಿಂದ 30 ಡಿಗ್ರಿ ಸೆ., ಗಾಳಿಯ ಆರ್ದ್ರತೆ ಶೇ. 70ಕ್ಕಿಂತ ಕಡಿಮೆ ಇರಲಿ. ಹುಳುಮನೆಯ ಒಣ-ತೇವ ಉಷ್ಣಮಾಪಕವನ್ನು ಕೆಲಸದ ಜಾಗದಲ್ಲಿ ತೂಗುಹಾಕಿ ನೋಡಿರಿ. ಎರಡು ನಳಿಗೆಗಳ ನಡುವೆ 5 ಡಿಗ್ರಿ ಅಥವಾ ಹೆಚ್ಚು ಅಂತರವಿದ್ದರೆ ಹವೆ ಸಾಕಷ್ಟು ಒಣಗಿದೆ ಎಂದು ತಿಳಿಯಬಹುದು.

2. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ, ನೆರಳಿನಲ್ಲಿ ಬಳಿಯಿರಿ. ಸಂಜೆ ಬಳಿದರೆ ರಾತ್ರಿಯ ತೇವ ತಗಲುತ್ತದೆ.

3. ಹೊಸದಾಗಿ ಕೊಯ್ದ ನೀಲಗಿರಿ, ಬೇವಿನ ಹಲಗೆಗಳನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸದೆ ಬಳಿಯಬಾರದು. ಒಳಗಿನ ನೀರು ಹೊರಬರುವಾಗ ಪದರವನ್ನು ಎತ್ತುತ್ತದೆ.

4. ತೆಳುವಾಗಿ ಬಳಿಯಿರಿ. ಉಗುರು ಒತ್ತಿದರೆ ಗುರುತು ಬೀಳದಷ್ಟು ಒಣಗಿದ ನಂತರವೇ ಎರಡನೆಯ ಸಲ ಬಳಿಯಿರಿ.

ಎರಡು ಎಚ್ಚರಿಕೆಗಳು: ವಾರ್ನಿಷ್ ವಾಸನೆ ರೇಷ್ಮೆ ಹುಳುಗಳಿಗೆ ಹಾನಿಕರ. ಬೆಳೆ ಮುಗಿದ ನಂತರ ಸ್ಟ್ಯಾಂಡುಗಳನ್ನು ಹೊರಗೆ ತಂದು ಬಳಿದು, ವಾಸನೆ ಪೂರ್ತಿ ಹೋದ ಮೇಲಷ್ಟೇ ಒಳಗಿಡಿ. ಇದಕ್ಕೆ ಬಿಡುವು ಸಾಲದಿದ್ದರೆ ಮುಂದಿನ ಬಿಡುವಿಗೆ ಕಾಯುವುದೇ ಲೇಸು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅಂತಹ ಬಟ್ಟೆಯನ್ನು ಬಣವೆಯ ಬಳಿ ಬಿಡದೆ ನೀರಿನಲ್ಲಿ ನೆನೆಸಿಡಿ, ಇಲ್ಲವೇ ಬಯಲಿನಲ್ಲಿ ಬಿಡಿಸಿ ಹರಡಿ.

ಸರಕಿಗೆ ಕೊಡುವ ಹಣದಷ್ಟೇ ಗಮನವನ್ನು ದಿನ ಮತ್ತು ವೇಳೆಯ ಆಯ್ಕೆಗೂ ಕೊಟ್ಟರೆ ಮರಮುಟ್ಟುಗಳು ಬಹುಕಾಲ ಬಾಳುತ್ತವೆ.