ರಾತ್ರಿ ಬಸ್ಸೋ, ವಿಮಾನವೋ?

ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬೇಕು. ಜೊತೆಗೆ ವಯಸ್ಸಾದ ತಾಯಿ. ಹಾನಗಲ್ಲಿನ ಕುಟುಂಬವೊಂದು ಯಾವುದನ್ನು ಆರಿಸಿಕೊಳ್ಳಬೇಕು?

ವಿಮಾನವೆಂದರೆ ಒಂದೇ ಗಂಟೆ ಎಂಬುದು ಅರ್ಧ ಸತ್ಯ. ಹಾನಗಲ್, ಶಿಗ್ಗಾಂವಿ, ಸವಣೂರಿನವರು ಮೊದಲು ಹುಬ್ಬಳ್ಳಿ ತಲುಪಬೇಕು. ಹಿರೇಕೆರೂರಿನವರಿಗೆ 2023ರ ಆಗಸ್ಟ್‌ನಲ್ಲಿ ವಿಮಾನ ಸಂಚಾರ ಆರಂಭವಾದ ಶಿವಮೊಗ್ಗವೂ ಇದೆ. ಹೊರಡುವುದಕ್ಕೆ ಒಂದು ಗಂಟೆಗಿಂತ ಮೊದಲೇ ಹಾಜರಿರಬೇಕು. ಇಳಿದ ಮೇಲೆ ದೇವನಹಳ್ಳಿಯಿಂದ ನಗರಕ್ಕೆ ಮತ್ತೆ ಗಂಟೆಗೂ ಹೆಚ್ಚು ದಾರಿ. ಎಲ್ಲ ಕೂಡಿಸಿದರೆ ಐದಾರು ಗಂಟೆ! ಹತ್ತು ಗಂಟೆಯ ಭೇಟಿಗೆ ಹಿಂದಿನ ದಿನವೇ ಹೋಗಿ ತಂಗಬೇಕಾದರೆ ಆ ಖರ್ಚೂ ಸೇರುತ್ತದೆ.

ರಾತ್ರಿ ಬಸ್ಸು ಮಲಗಿದ್ದಾಗಲೇ ಊರು ದಾಟಿಸುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಉಚಿತ. ಆದರೆ ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸದು.

ಹಾಗೆಂದು ಅಗ್ಗವೊಂದೇ ಅಳತೆಗೋಲಾಗಬಾರದು. 2013ರ ನವೆಂಬರ್‌ನಲ್ಲಿ ಹಾವೇರಿ ಬಳಿ ಹೆದ್ದಾರಿಯಲ್ಲಿ ಬಸ್ಸೊಂದಕ್ಕೆ ಬೆಂಕಿ ತಗುಲಿ 7 ಮಂದಿ ಸಾವನ್ನಪ್ಪಿದ್ದನ್ನು ನಮ್ಮ ಜಿಲ್ಲೆ ಮರೆಯಲಾಗದು. ಬಸ್ಸು ಹತ್ತಿದೊಡನೆ ತುರ್ತು ದ್ವಾರ ಮತ್ತು ಗಾಜು ಒಡೆಯುವ ಸುತ್ತಿಗೆ ಎಲ್ಲಿವೆಯೆಂದು ನೋಡಿ, ಮಕ್ಕಳಿಗೂ ತೋರಿಸಿ.

ಬೆನ್ನುನೋವು, ಶಸ್ತ್ರಚಿಕಿತ್ಸೆ, ಪದೇ ಪದೇ ಶೌಚಾಲಯದ ಅಗತ್ಯವಿರುವವರಿಗೆ ವಿಮಾನದ ಹಣ ದುಂದಲ್ಲ. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಕಾಯ್ದಿರಿಸುವಾಗಲೇ ತಿಳಿಸಿ. ಆರೋಗ್ಯವಂತರಿಗೆ ರಾತ್ರಿ ಬಸ್ಸೇ ಸಾಕು. ಉಳಿದ ಹಣ ಔಷಧಿಗಾದೀತು.