ತಂತ್ರಾಂಶದ ಬಿಡುಗಡೆ: ಕಾಲುವೆಯ ಕೊನೆಯ ಭಾಗಕ್ಕೂ ನೀರು ಮುಟ್ಟಬೇಕು

ರಾಯಚೂರು ಜಿಲ್ಲೆಯಲ್ಲಿ ‘ಬಿಡುಗಡೆ’ ಎಂಬ ಮಾತು ಕಿವಿಗೆ ಬಿದ್ದೊಡನೆ ಮೊದಲು ನೆನಪಾಗುವುದು ಕಾಲುವೆಯ ನೀರು. ದೇವದುರ್ಗದ ರೈತ ನಾರಾಯಣಪುರ ಬಲದಂಡೆ ಕಾಲುವೆಯ ದಾರಿ ಕಾಯುತ್ತಾನೆ. ಮಾನ್ವಿ ಮತ್ತು ರಾಯಚೂರಿನವರು ತುಂಗಭದ್ರಾ ಎಡದಂಡೆ ಕಾಲುವೆಯ ದಾರಿ ಕಾಯುತ್ತಾರೆ. ಸುಮಾರು 227 ಕಿ.ಮೀ. ಉದ್ದದ ಈ ಎಡದಂಡೆ ಕಾಲುವೆಯಲ್ಲಿ ಮಾನ್ವಿ, ರಾಯಚೂರು ತಾಲ್ಲೂಕುಗಳು ಬರುವುದು ಕೊನೆಯ ಭಾಗದಲ್ಲಿ. ಅಣೆಕಟ್ಟೆಯಲ್ಲಿ ಗೇಟು ತೆರೆದ ಮಾತ್ರಕ್ಕೆ ಇಲ್ಲಿನ ಗದ್ದೆಗೆ ನೀರು ಬಂತೆಂದು ಅರ್ಥವಲ್ಲ. ಆದ್ದರಿಂದಲೇ ನೀರಾವರಿ ಸಲಹಾ ಸಮಿತಿಯು ದಿನಾಂಕವನ್ನು ಮುಂಚಿತವಾಗಿ ಗೊತ್ತುಪಡಿಸುತ್ತದೆ. ಆ ದಿನಾಂಕವನ್ನು ನಂಬಿಯೇ ರೈತರು ಸಸಿಮಡಿ ಹಾಕುತ್ತಾರೆ.

ಗಣಕಲೋಕದಲ್ಲೂ ಒಂದು ಬಿಡುಗಡೆ ಇದೆ. ಅಲ್ಲಿಯೂ ಮೇಲ್ಭಾಗದವರು, ಕೊನೆಯ ಭಾಗದವರು ಇದ್ದಾರೆ. ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶಗಳನ್ನು ಬರೆಯುವವರು ಜಗತ್ತಿನ ನಾನಾ ಮೂಲೆಗಳಲ್ಲಿ ಹರಡಿಕೊಂಡಿರುತ್ತಾರೆ. ಇವರಲ್ಲಿ ಬಹಳಷ್ಟು ಮಂದಿ ಸ್ವಯಂಸೇವಕರು. ದಿನವೂ ನಡೆಯುವ ಈ ತಿದ್ದುಪಡಿಗಳ ಹರಿವನ್ನು ಒಂದು ಹಂತದಲ್ಲಿ ತಡೆದು, ‘ಇದೋ, ಇದು ಬಳಕೆಗೆ ಯೋಗ್ಯವಾದ ಆವೃತ್ತಿ’ ಎಂದು ಲೋಕಕ್ಕೆ ಒಪ್ಪಿಸುವ ಕ್ರಿಯೆಯೇ ಬಿಡುಗಡೆ. ಆ ಹೊಣೆ ಹೊತ್ತವನನ್ನು ಬಿಡುಗಡೆಯ ನಿರ್ವಾಹಕ ಎನ್ನುತ್ತಾರೆ. ಕನ್ನಡದಲ್ಲಿ ಗಣಕ ಬಳಸುವವರು ಈ ಕಾಲುವೆಯ ಕೊನೆಯ ಭಾಗದಲ್ಲಿದ್ದಾರೆ. ನಿರ್ವಾಹಕನ ಶಿಸ್ತು ಸಡಿಲವಾದರೆ ಮೊದಲು ಬತ್ತುವುದು ಇವರ ಪಾಲೇ.

ದಿನಾಂಕವೋ, ಸಿದ್ಧತೆಯೋ?

ಬಿಡುಗಡೆಯನ್ನು ನಿರ್ಧರಿಸಲು ಎರಡು ಪದ್ಧತಿಗಳಿವೆ. ಗೊತ್ತಾದ ದಿನದಂದು ಸಿದ್ಧವಾಗಿರುವಷ್ಟನ್ನೇ ಹೊರತರುವುದು ಒಂದು. ಎಲ್ಲವೂ ಸರಿಯಾಗುವ ತನಕ ಕಾಯುವುದು ಇನ್ನೊಂದು.

ಲಿನಕ್ಸ್ ಗಣಕಗಳಲ್ಲಿ ಬಳಕೆಯಲ್ಲಿರುವ ಗ್ನೋಮ್ ಪರದೆ ವ್ಯವಸ್ಥೆಯು 2002ರಲ್ಲಿ 2.0 ಆವೃತ್ತಿ ಬಂದ ಬಳಿಕ ಆರು ತಿಂಗಳ ಲಯವನ್ನು ರೂಢಿಸಿಕೊಂಡಿತು. ವಾಡಿಕೆಯಂತೆ ಮಾರ್ಚ್ ಮತ್ತು ಸೆಪ್ಟೆಂಬರ್ ಅದರ ಬಿಡುಗಡೆಯ ತಿಂಗಳುಗಳು. ಇದೇ ಲಯಕ್ಕೆ ಹೊಂದಿಕೊಂಡು 2004ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಹೊರಬಂದ ಉಬುಂಟು ತನ್ನ ಆವೃತ್ತಿಯ ಅಂಕಿಯಲ್ಲೇ ವರ್ಷ, ತಿಂಗಳನ್ನು ಕೆತ್ತಿಸಿಕೊಂಡಿತು: ಮೊದಲನೆಯದು 4.10. ಹೀಗಾಗಿ ತಡವಾದರೆ ಅದು ಅಂಕಿಯಲ್ಲೇ ಬಯಲಾಗುತ್ತದೆ. 2006ರ ಏಪ್ರಿಲ್‌ನಲ್ಲಿ ಬರಬೇಕಿದ್ದ ಆವೃತ್ತಿ ಎರಡು ತಿಂಗಳು ಹಿಂದೆ ಬಿದ್ದುದರಿಂದ 6.04ರ ಬದಲು 6.06 ಎಂಬ ಹೆಸರು ಪಡೆಯಿತು.

ಎರಡನೆಯ ಪದ್ಧತಿಗೆ ಡೆಬಿಯನ್ ಯೋಜನೆಯೇ ಉದಾಹರಣೆ. ‘ಸಿದ್ಧವಾದಾಗ ಬಿಡುಗಡೆ’ ಎಂಬುದು ಅದರ ನಿಲುವು. ಈ ನಿಲುವಿಗೆ ಬೆಲೆಯನ್ನೂ ತೆರಬೇಕಾಯಿತು. 2002ರ ಜುಲೈನಲ್ಲಿ 3.0 ಆವೃತ್ತಿ ಬಂದ ಮೇಲೆ 3.1ಕ್ಕಾಗಿ ಬಳಕೆದಾರರು 2005ರ ಜೂನ್‌ವರೆಗೆ ಕಾಯಬೇಕಾಯಿತು. ಅನಂತರದ ವರ್ಷಗಳಲ್ಲಿ ಡೆಬಿಯನ್ ಒಂದು ಮಧ್ಯಮಮಾರ್ಗ ಹಿಡಿಯಿತು: ಹೊಸತನ್ನು ಸ್ವೀಕರಿಸುವುದು ಯಾವಾಗ ನಿಲ್ಲುತ್ತದೆ ಎಂಬುದನ್ನು ಮೊದಲೇ ಸಾರುವುದು, ಬಿಡುಗಡೆಯ ದಿನವನ್ನು ಮಾತ್ರ ಉಳಿದಿರುವ ಗಂಭೀರ ದೋಷಗಳನ್ನು ನೋಡಿ ನಿರ್ಧರಿಸುವುದು. 13ನೇ ಆವೃತ್ತಿಗಾಗಿ 2025ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚುವ ಕೆಲಸ ಆರಂಭವಾಗಿ, ಆಗಸ್ಟ್ 9ರಂದು ಬಿಡುಗಡೆ ನಡೆಯಿತು.

ಬಾಗಿಲು ಮುಚ್ಚುವ ಕ್ರಮ

ಬಿಡುಗಡೆಯ ಮರ್ಮವಿರುವುದು ಈ ಬಾಗಿಲು ಮುಚ್ಚುವಿಕೆಯಲ್ಲೇ. ತಂತ್ರಜ್ಞರು ಇದನ್ನು ‘ಫ್ರೀಜ್’ ಎನ್ನುತ್ತಾರೆ. ಎಲ್ಲ ಬಾಗಿಲುಗಳನ್ನೂ ಕೊನೆಯ ದಿನ ಒಟ್ಟಿಗೆ ಮುಚ್ಚಿದರೆ ಗೊಂದಲ ತಪ್ಪದು. ಆದ್ದರಿಂದ ಮೊದಲು ಹೊಸ ಸೌಲಭ್ಯಗಳಿಗೆ ತಡೆ. ಬಳಿಕ ಪರದೆಯ ವಿನ್ಯಾಸಕ್ಕೆ. ಆಮೇಲೆ ಪರದೆಯಲ್ಲಿ ಕಾಣುವ ಪದಸಾಲುಗಳಿಗೆ. ಕಟ್ಟಕಡೆಗೆ ಇಡೀ ಸಂಕೇತಕ್ಕೆ. ಯೋಜನೆಯಿಂದ ಯೋಜನೆಗೆ ಈ ಕ್ರಮ ತುಸು ವ್ಯತ್ಯಾಸವಾಗುತ್ತದೆ. ಕೆಲವೆಡೆ ಎರಡು ಮೂರು ಬಾಗಿಲುಗಳು ಒಂದೇ ದಿನ ಮುಚ್ಚುವುದೂ ಉಂಟು.

ಇವುಗಳ ಪೈಕಿ ಕನ್ನಡಿಗರಿಗೆ ಮುಖ್ಯವಾದದ್ದು ಪದಸಾಲುಗಳ ತಡೆ. ತಂತ್ರಾಂಶದ ಪ್ರತಿಯೊಂದು ಇಂಗ್ಲಿಷ್ ಪದಸಾಲನ್ನೂ ಒಂದು ಕಡತದಲ್ಲಿ ಪಟ್ಟಿ ಮಾಡಿ ಭಾಷಾಂತರಕಾರರಿಗೆ ಕೊಡಲಾಗುತ್ತದೆ. ಅವರು ‘ಉಳಿಸು’, ‘ಅಳಿಸು’, ‘ಹುಡುಕು’ ಎಂದು ಒಂದೊಂದಾಗಿ ತುಂಬುತ್ತಾ ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಮೂಲ ಬರೆದವರು ಇಂಗ್ಲಿಷ್ ವಾಕ್ಯದಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಸಾಕು, ಅದರ ಕನ್ನಡ ಅನುವಾದಕ್ಕೆ ‘ಅನಿಶ್ಚಿತ’ ಎಂಬ ಗುರುತು ಬೀಳುತ್ತದೆ. ಹಾಗೆ ಗುರುತಾದ ಅನುವಾದವನ್ನು ಗಣಕ ತೋರಿಸುವುದಿಲ್ಲ. ಬಳಕೆದಾರನ ಪರದೆಯಲ್ಲಿ ಮತ್ತೆ ಇಂಗ್ಲಿಷ್ ಪ್ರತ್ಯಕ್ಷವಾಗುತ್ತದೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ರಾತ್ರಿ ಬಿಡುವಿನಲ್ಲಿ ಅನುವಾದಿಸುವ ಇಬ್ಬರು ಮೂವರು ಸ್ವಯಂಸೇವಕರು ಕೊನೆಯ ಗಳಿಗೆಯ ಇಂತಹ ನೂರು ಬದಲಾವಣೆಗಳನ್ನು ಬೆನ್ನಟ್ಟಲಾರರು.

ಆದ್ದರಿಂದಲೇ ಈ ಬಾಗಿಲು ಮುಚ್ಚಿದ ಮೇಲೆ ಪದಸಾಲನ್ನು ಬದಲಿಸಬೇಕಾದರೆ ಅನುಮತಿ ಕೇಳಬೇಕೆಂಬ ನಿಯಮವನ್ನು ಗ್ನೋಮ್ ಇಟ್ಟುಕೊಂಡಿದೆ. ಶೇ. 80ರಷ್ಟು ಪದಸಾಲುಗಳಾದರೂ ಅನುವಾದವಾಗಿರುವ ಭಾಷೆಗಳನ್ನು ಮಾತ್ರ ಬೆಂಬಲಿತ ಭಾಷೆಗಳೆಂದು ಅದು ತನ್ನ ಬಿಡುಗಡೆ ಟಿಪ್ಪಣಿಗಳಲ್ಲಿ ಎಣಿಸುತ್ತಾ ಬಂದಿದೆ. ಪದಸಾಲುಗಳ ತಡೆಯನ್ನು ಬೇಕಾಬಿಟ್ಟಿ ಮುರಿದರೆ ಒಂದು ಭಾಷೆ ಈ ಗೆರೆಯಿಂದ ಕೆಳಗೆ ಜಾರಲು ಹೆಚ್ಚು ಹೊತ್ತು ಬೇಕಿಲ್ಲ.

ಬಿಡುಗಡೆಯ ವೇಗವೂ ಇಲ್ಲಿ ಗಣನೆಗೆ ಬರುತ್ತದೆ. ಫೈರ್‌ಫಾಕ್ಸ್ 2011ರಲ್ಲಿ ಆರು ವಾರಗಳಿಗೊಂದು ಆವೃತ್ತಿಯ ಪದ್ಧತಿಗೆ ಬಂತು. 2020ರಲ್ಲಿ ಅದು ನಾಲ್ಕು ವಾರಗಳಿಗೆ ಇಳಿಯಿತು. ಹೊಸ ಬದಲಾವಣೆಗಳು ಮೊದಲು ನಿತ್ಯ ಪರಿಷ್ಕೃತವಾಗುವ ಆವೃತ್ತಿಗೆ, ಅಲ್ಲಿಂದ ಪರೀಕ್ಷಾ ಆವೃತ್ತಿಗೆ, ಕೊನೆಗೆ ಜನಬಳಕೆಯ ಆವೃತ್ತಿಗೆ ಇಳಿದು ಬರುತ್ತವೆ. ಈ ಮೆಟ್ಟಿಲುಗಳ ನಡುವಿನ ವಾರಗಳೇ ಅನುವಾದಕರಿಗೆ ಸಿಗುವ ಕಾಲಾವಕಾಶ.

ಪರೀಕ್ಷೆಗೆಂದೇ ಹೊರಡುವ ಆವೃತ್ತಿ

ಬಾಗಿಲುಗಳು ಮುಚ್ಚಿದ ಮೇಲೆ ‘ಅಭ್ಯರ್ಥಿ ಆವೃತ್ತಿ’ಗಳ ಸರದಿ. ಲೈನಸ್ ಟೋರ್ವಾಲ್ಡ್ಸ್ ಅವರ ನೇತೃತ್ವದ ಲಿನಕ್ಸ್ ಕರ್ನಲ್‌ನಲ್ಲಿ ಈ ಕ್ರಮ ಗಡಿಯಾರದಷ್ಟು ನಿಯಮಿತ. ಹೊಸ ಸಂಕೇತಗಳನ್ನು ಸ್ವೀಕರಿಸಲು ಎರಡು ವಾರ. ಅದಾದ ಬಳಿಕ ವಾರಕ್ಕೊಂದರಂತೆ ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಎಂಟು ಅಭ್ಯರ್ಥಿ ಆವೃತ್ತಿಗಳು. ಈ ಅವಧಿಯಲ್ಲಿ ದೋಷ ಪರಿಹಾರಗಳಿಗಷ್ಟೇ ಪ್ರವೇಶ. ಒಟ್ಟು ಒಂಬತ್ತು ಹತ್ತು ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ತಪ್ಪಿಸಿಕೊಂಡ ಸೌಲಭ್ಯ ಮುಂದಿನ ಸುತ್ತಿಗೆ ಕಾಯಬೇಕು. ಮುಂದಿನ ಬಂಡಿ ಖಚಿತವಾಗಿ ಬರುತ್ತದೆಂಬ ಭರವಸೆ ಇರುವುದರಿಂದ ಈ ಬಂಡಿಗೇ ತೂರಿಕೊಳ್ಳುವ ನೂಕುನುಗ್ಗಲು ಕಡಿಮೆಯಾಗುತ್ತದೆ. ದಿನಾಂಕ ಆಧಾರಿತ ಪದ್ಧತಿಯ ದೊಡ್ಡ ಲಾಭ ಇದೇ.

ಅಭ್ಯರ್ಥಿ ಆವೃತ್ತಿಯನ್ನು ಕನ್ನಡದಲ್ಲಿ ಪರೀಕ್ಷಿಸುವವರು ಇಲ್ಲದಿದ್ದರೆ ಏನಾದೀತು? ‘ಸೂರ್ಯ’ ಎಂದು ಬರೆದಾಗ ರಕಾರ ಅರ್ಕಾವತ್ತಾಗಿ ಕೊನೆಗೆ ಹೋಗಬೇಕು. ‘ರ‍್ಯಾಂಕ್’ ಎಂದು ಬರೆದಾಗ ರಕಾರ ಮುಂದೆಯೇ ನಿಂತು ಯಕಾರ ಒತ್ತಾಗಬೇಕು. ಎರಡರಲ್ಲೂ ಇರುವ ಅಕ್ಷರಗಳು ಒಂದೇ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆ ನಡುವೆ ಸೇರುತ್ತದೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ಆಂಡ್ರಾಯ್ಡ್ ಮುಂತಾದವು ಅಕ್ಷರ ಜೋಡಣೆಗೆ ಬಳಸುವ ಹಾರ್ಫ್‌ಬಜ಼್ ಎಂಬ ಮುಕ್ತ ತಂತ್ರಾಂಶದಲ್ಲೋ, ಒಂದು ಫಾಂಟ್‌ನಲ್ಲೋ ಆಗುವ ಸಣ್ಣ ಬದಲಾವಣೆ ಈ ಭೇದವನ್ನು ಅಳಿಸಿಹಾಕಬಲ್ಲದು. ಕನ್ನಡ ಓದಲು ಬಾರದ ತಂತ್ರಜ್ಞನ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ. ಹೀಗೆ ಹಿಂದೆ ಸರಿಯಿದ್ದದ್ದು ಮತ್ತೆ ಕೆಡದಂತೆ ಕಾಯಲು, ಇಂತಹ ಪದಗಳನ್ನು ಪರೀಕ್ಷಾ ಪಟ್ಟಿಗೆ ಸೇರಿಸಿ ಪ್ರತಿ ಬಿಡುಗಡೆಗೂ ಮುನ್ನ ಯಂತ್ರದಿಂದಲೇ ತಪಾಸಣೆ ಮಾಡಿಸುವುದುಂಟು.

ಮುದ್ರೆ ಯಾರ ಕೈಯಲ್ಲಿ?

ಬಿಡುಗಡೆಯ ದಿನ ನಿರ್ವಾಹಕನ ಕೆಲಸ ಹೊರನೋಟಕ್ಕೆ ಗುಮಾಸ್ತಗಿರಿಯಂತೆ ಕಾಣುತ್ತದೆ. ಆವೃತ್ತಿಯ ಅಂಕಿ ಗೊತ್ತುಮಾಡುವುದು, ಬದಲಾವಣೆಗಳ ಪಟ್ಟಿ ಬರೆಯುವುದು, ಸಂಕೇತ ಭಂಡಾರದಲ್ಲಿ ಆ ಹಂತಕ್ಕೆ ಗುರುತು ಹಾಕುವುದು, ಕಡತಗಳನ್ನು ಒಂದು ಗಂಟು ಕಟ್ಟಿ ತನ್ನ ಡಿಜಿಟಲ್ ಸಹಿ ಒತ್ತುವುದು. ಅಂಕಿಗೂ ಅರ್ಥವಿದೆ: ಸಾಮಾನ್ಯವಾಗಿ ಮೂರು ಭಾಗಗಳಿರುವ ಅಂಕಿಯಲ್ಲಿ ಮೊದಲನೆಯದು ಬದಲಾದರೆ ಹಳೆಯದರೊಡನೆ ಹೊಂದಿಕೆ ಮುರಿದಿದೆ ಎಂದೂ, ನಡುವಿನದು ಬದಲಾದರೆ ಹೊಸ ಸೌಲಭ್ಯ ಸೇರಿದೆ ಎಂದೂ, ಕೊನೆಯದು ಬದಲಾದರೆ ದೋಷ ಮಾತ್ರ ತಿದ್ದಲಾಗಿದೆ ಎಂದೂ ತಿಳಿಯಬೇಕು.

ಈ ಸಹಿಯ ಅಧಿಕಾರ ತಪ್ಪು ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನು 2024ರ ಮಾರ್ಚ್ ತಿಂಗಳು ತೋರಿಸಿತು. ಕಡತ ಕುಗ್ಗಿಸುವ ‘ಎಕ್ಸ್‌ಜ಼ಡ್’ ಎಂಬ ಪುಟ್ಟ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ನೆರವಿಗೆ ಬಂದ ವ್ಯಕ್ತಿ ವರ್ಷಗಟ್ಟಲೆ ನಂಬಿಕೆ ಗಳಿಸಿ ಬಿಡುಗಡೆ ಮಾಡುವ ಹಕ್ಕನ್ನೂ ಪಡೆದ. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಸೇರಿಕೊಂಡಿತು. ಅದನ್ನು ತೆರೆಯುವ ಕೀಲಿಯು ಎಲ್ಲರೂ ನೋಡುವ ಸಂಕೇತ ಭಂಡಾರದಲ್ಲಿರದೆ, ಬಿಡುಗಡೆಗಾಗಿ ಕಟ್ಟಿದ ಗಂಟಿನಲ್ಲಷ್ಟೇ ಇತ್ತು. ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ತಡವಾಗುತ್ತಿದೆಯಲ್ಲ ಎಂದು ಅನುಮಾನಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ಮಾರ್ಚ್ 29ರಂದು ಇದನ್ನು ಬಯಲಿಗೆಳೆದರು.

ಆ ವೇಳೆಗೆ ದೂಷಿತ ಆವೃತ್ತಿ ಡೆಬಿಯನ್, ಫೆಡೋರಾ ಮುಂತಾದವುಗಳ ಪರೀಕ್ಷಾ ಹಂತವನ್ನು ಮುಟ್ಟಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ‘ನಿಧಾನ’ ಪದ್ಧತಿಯೇ ಕೋಟ್ಯಂತರ ಜನರನ್ನು ಕಾಯಿತು ಎಂದರೆ ತಪ್ಪಾಗಲಾರದು. ಬಿಡುಗಡೆಯ ಗಂಟನ್ನು ಬೇರೆಯವರೂ ಸ್ವತಂತ್ರವಾಗಿ ಕಟ್ಟಿ ತಾಳೆ ನೋಡುವಂತಿರಬೇಕು, ಒಬ್ಬನೇ ನಿರ್ವಾಹಕನ ಹೆಗಲ ಮೇಲೆ ಇಡೀ ಭಾರ ಬೀಳಬಾರದು ಎಂಬ ಎರಡು ಪಾಠಗಳನ್ನೂ ಈ ಪ್ರಕರಣ ಕಲಿಸಿತು.

ಗೇಟು ಕೊಚ್ಚಿಹೋದಾಗ

ಎಷ್ಟೇ ಎಚ್ಚರ ವಹಿಸಿದರೂ ದೋಷ ನುಸುಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಣಿ ಕಡಿದು ಕೊಚ್ಚಿಹೋದುದನ್ನು ರಾಯಚೂರಿನವರು ಮರೆತಿಲ್ಲ. ಅಂದು ಹೊಸ ಗೇಟು ಮಾಡಿಸುವ ತನಕ ಕಾಯಲಾಗಲಿಲ್ಲ. ವಾರದೊಳಗೆ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ನೀರನ್ನು ಉಳಿಸಿಕೊಳ್ಳಲಾಯಿತು. ಶಾಶ್ವತ ಪರಿಹಾರದ ವಿಚಾರ ಆಮೇಲೆ.

ತಂತ್ರಾಂಶದ ತುರ್ತು ಬಿಡುಗಡೆಯೂ ಇಂಥದೇ. ಅದರಲ್ಲಿ ಹೊಸದೇನೂ ಸೇರಬಾರದು. ಸೋರಿಕೆ ನಿಲ್ಲಬೇಕು, ಅಷ್ಟೆ. ಆದರೆ ಅವಸರದ ತೇಪೆ ಒಂದಕ್ಕೇ ನಿಲ್ಲುತ್ತದೆಂಬ ಖಾತರಿ ಇಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ತಂತ್ರಾಂಶದ ಗಂಭೀರ ಲೋಪ ಬಯಲಾದಾಗ ಒಂದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಎಂದು ನಾಲ್ಕು ಬಿಡುಗಡೆ ಮಾಡಬೇಕಾಯಿತು. ಪ್ರತಿ ತೇಪೆಯ ಬೆನ್ನಿಗೂ ಇನ್ನೊಂದು ತೂತು ಕಂಡಿತು.

ಕೊನೆಯ ಭಾಗದವರ ಪಾಲು

ಗುಬ್ಬಿ, ನವಿಲು, ಲೋಹಿತ್ ಮುಂತಾದ ಕನ್ನಡ ಫಾಂಟ್‌ಗಳು ಇಂದು ಡೆಬಿಯನ್ ಭಂಡಾರದಲ್ಲಿವೆ. ಯಾರೋ ಅವುಗಳಿಗೆ ಆವೃತ್ತಿಯ ಅಂಕಿ ಕೊಟ್ಟು, ಪರವಾನಗಿ ಬರೆದು, ಗಂಟು ಕಟ್ಟಿ, ಬಾಗಿಲು ಮುಚ್ಚುವ ಮುನ್ನ ತಲುಪಿಸಿದ್ದರಿಂದಲೇ ಅವು ಅಲ್ಲಿವೆ. ಒಳ್ಳೆಯ ಫಾಂಟ್ ರಚಿಸಿ ತನ್ನ ಗಣಕದಲ್ಲೇ ಇಟ್ಟುಕೊಂಡರೆ ಅದು ಬಿಡುಗಡೆಯಾಗದ ನೀರಿನಂತೆ. ಯಾವ ಗದ್ದೆಗೂ ಹರಿಯದು.

ಈ ಕೆಲಸಕ್ಕೆ ಸಂಕೇತ ಬರೆಯಲು ಬಲ್ಲವರೇ ಬೇಕೆಂದಿಲ್ಲ. 2019ರಲ್ಲಿ ಆರಂಭವಾದ ರಾಯಚೂರಿನ ಐಐಐಟಿಯ ವಿದ್ಯಾರ್ಥಿಗೆ ಎಷ್ಟು ಸಾಧ್ಯವೋ, ಮಾನ್ವಿಯ ಶಾಲಾ ಶಿಕ್ಷಕನಿಗೂ ಅಷ್ಟೇ ಸಾಧ್ಯ. ಪದಸಾಲುಗಳ ಬಾಗಿಲು ಮುಚ್ಚುವ ದಿನಕ್ಕೆ ಮೊದಲು ನಾಲ್ಕು ಪದಸಾಲು ಅನುವಾದಿಸುವುದು, ಅಭ್ಯರ್ಥಿ ಆವೃತ್ತಿ ಬಂದ ವಾರದಲ್ಲೇ ಅದನ್ನು ಕನ್ನಡದಲ್ಲಿ ತೆರೆದು ‘ರ‍್ಯಾಂಕ್’ ಸರಿಯಾಗಿ ಮೂಡುತ್ತದೆಯೇ ಎಂದು ನೋಡಿ ವರದಿ ಮಾಡುವುದು, ಇಷ್ಟಾದರೂ ಸಾಕು. ಬಿಡುಗಡೆಯ ಮರುದಿನ ಸಲ್ಲಿಸಿದ ದೂರಿಗೆ ಗ್ನೋಮ್‌ನಂತಹ ಯೋಜನೆಗಳಲ್ಲಿ ಪೂರ್ತಿ ಪರಿಹಾರ ಸಿಗುವುದು ಆರು ತಿಂಗಳ ಆಚೆಗೂ ಆಗಬಹುದು. ಬಿಡುಗಡೆಗೆ ಎರಡು ವಾರ ಮೊದಲು ಸಲ್ಲಿಸಿದರೆ ಅದೇ ಆವೃತ್ತಿಯಲ್ಲಿ ಸಿಕ್ಕೀತು. ಬಿಡುಗಡೆಯ ವೇಳಾಪಟ್ಟಿಗಳು ಎಲ್ಲರ ಕಣ್ಣಿಗೂ ತೆರೆದೇ ಇರುತ್ತವೆ. ಅವನ್ನು ಓದಿಕೊಂಡವನ ಮಾತಿಗೆ ಅಲ್ಲಿ ತೂಕ ಹೆಚ್ಚು.